ನಿಶಾನೆಯ ಹಿಂಬದಿಯ ಬೊಟ್ಟುಗಳು

ಮೋಹಿತೆ ಅಂಕಲ್ ಅವರ ತಾತ ಸುಳ್ಳು ಹೇಳಿರಲಿಲ್ಲ. ಸುಳ್ಳು ಹೇಳಿದವನು ನಾನು. ಸಿಡ್ನಿಯ ಆ ಮ್ಯೂಸಿಯಮ್ಮಿನಲ್ಲಿ ಮೇಜಿನ ಮೇಲೆ ಹರಡಿ, ದೀಪ ಹಿಡಿದು ನೋಡಿ, ಇದು ಹಳೆಯದಲ್ಲ ಎಂದರಲ್ಲ — ಆ ಬಾವುಟವನ್ನು ಮೈಸೂರಿನಲ್ಲಿ ಹೊಲಿಸಿ ತರಿಸಿದ್ದು ನಾನು. ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಅದಕ್ಕೆ ವಯಸ್ಸು ಬರಿಸಿದ್ದು ನಾನು. ನಿಜವಾದದ್ದನ್ನು ಹಾಳು ಮಾಡಿದವನೂ ನಾನೇ. ಅದರ ಚೂರುಗಳು ಇಷ್ಟು ವರ್ಷ ಮೆಲ್ಬರ್ನಿನ ಟ್ರುಗನಿನಾದಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿದ್ದವು.

ಇದನ್ನು ಎರಡೂ ಊರಿನ ಕನ್ನಡದವರಿಗಾಗಿ ಬರೆಯುತ್ತಿದ್ದೇನೆ. ಆ ದಿನ ಮ್ಯೂಸಿಯಮ್ಮಿನಲ್ಲಿ ಇದ್ದವರಿಗೆ. ಇರದೆಯೂ ವಾಟ್ಸ್ಯಾಪಿನಲ್ಲಿ ಎಲ್ಲವನ್ನೂ ಕಂಡವರಿಗೆ. 'ಅಂಕಲ್ ಭಾರೀ ಬುರುಡೆ' ಎಂದು ಬರೆದು ಪಕ್ಕದಲ್ಲೊಂದು ನಗುವ ಮುಖ ಅಂಟಿಸಿದವರಿಗೆ. ಆ ಮಾತಿಗೆ ನಾನೂ — ಇದನ್ನೂ ಹೇಳಿಬಿಡುತ್ತೇನೆ — ಒಂದು ಹೆಬ್ಬೆರಳು ಒತ್ತಿದ್ದೆ. ಒತ್ತದೆ ಸುಮ್ಮನಿದ್ದರೆ ಯಾರಿಗಾದರೂ ಅನುಮಾನ ಬಂದೀತು ಎಂದು.

ನನ್ನ ಹೆಸರು ರಘು. ಟ್ರುಗನಿನಾದ ಒಂದು ಗೋದಾಮಿನಲ್ಲಿ ಸೇಫ್ಟಿ ಆಫೀಸರ್. ಯಾವ ಪೆಟ್ಟಿಗೆ ಯಾರ ತಲೆಯ ಮೇಲೆ ಬೀಳಬಹುದು, ಯಾರು ಎಲ್ಲಿ ಜಾರಬಹುದು ಎಂದು ಮೊದಲೇ ಯೋಚಿಸಿ ಹೆದರುವುದು ನನ್ನ ಕೆಲಸ. ಸಂಬಳವಿಲ್ಲದಿದ್ದರೂ ಹೆದರುತ್ತಿದ್ದೆ. ಬೀಗ ಹಾಕಿ ಹೊರಟವನು ಬೀದಿಯ ತಿರುವಿನಿಂದ ವಾಪಸು ಬಂದು ಬಾಗಿಲು ಅಲ್ಲಾಡಿಸಿ ನೋಡುವ ಜಾತಿ ನನ್ನದು. ಈ ವಿವರ ಸುಮ್ಮನೆ ಕೊಡುತ್ತಿಲ್ಲ. ಮೋಹಿತೆ ಅಂಕಲ್ ನನ್ನನ್ನು ನಂಬಿದ್ದು ಇದೇ ಕಾರಣಕ್ಕೆ.

ಅಂಕಲ್ ಮೈಸೂರಿನ ಹೈಸ್ಕೂಲೊಂದರಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ಈಗ ಸಿಡ್ನಿಯ ಎಪ್ಪಿಂಗ್‌ನಲ್ಲಿ, ಮಗಳು ಸಂಧ್ಯಾಳ ಅಪಾರ್ಟ್‌ಮೆಂಟಿನಲ್ಲಿ ಇದ್ದಾರೆ. ಸಂಧ್ಯಾ ಕಾಲೇಜಿನಲ್ಲಿ ನನ್ನ ಸಹಪಾಠಿ. ಎಂಬತ್ತು ದಾಟಿದರೂ ಅಂಕಲ್ ಬೆನ್ನು ಬಾಗಿಲ್ಲ. ಸೋತಿರುವುದು ಕಣ್ಣು — ಗ್ಲಕೋಮಾ. ಎದುರಿಗಿರುವವರ ಆಕಾರ ಕಾಣುತ್ತದೆ, ಮುಖ ಕಾಣುವುದಿಲ್ಲ.

ಅವರ ತಾತ ತುಕೋಜಿರಾವ್ ಮೈಸೂರು ಸಂಸ್ಥಾನದ ಕುದುರೆ ಪಡೆಯಲ್ಲಿ ನಿಶಾನೆ ಹಿಡಿಯುವ ಸವಾರ. ದಸರಾ ಮೆರವಣಿಗೆಯಲ್ಲಿ ನಿಶಾನೆ ಆನೆಯನ್ನು ನೀವು ನೋಡಿರುತ್ತೀರಿ. ಬಾವುಟ ಹೊತ್ತು ಮುಂದೆ ನಡೆಯುವ ಆನೆ. ಕುದುರೆ ಪಡೆಗೆ ಆ ಕೆಲಸ ತುಕೋಜಿರಾಯರದು. ಮೊದಲ ಮಹಾಯುದ್ಧ ಬಂದಾಗ ಪಡೆಯ ಜೊತೆ ಹಡಗು ಹತ್ತಿ ಮರಳುಗಾಡಿಗೆ ಹೋಗಿ ಬಂದರು. ಮುಂದೆ ಪಡೆಗೆ ಹೊಸ ನಿಶಾನೆ ಬಂದಾಗ, ಹಳೆಯದನ್ನು ಹೊತ್ತವನಿಗೇ ಕೊಟ್ಟುಬಿಟ್ಟರಂತೆ. ಪದಕ, ಕಾಗದ ಎಲ್ಲ ಯಾವ ಯಾವುದೋ ಮನೆ ಬದಲಾವಣೆಯಲ್ಲಿ ಹೋದವು. ಉಳಿದಿದ್ದು ಕುದುರೆಯ ಪಕ್ಕ ನಿಂತ ಒಂದು ಫೋಟೊ ಮತ್ತು ಆ ನಿಶಾನೆ. ಬಾಲ ಎರಡಾಗಿ ಸೀಳಿದ ಸಣ್ಣ ರೇಷ್ಮೆ ಬಾವುಟ. ಮೇಲರ್ಧ ಕಡುಗೆಂಪು, ಕೆಳಗರ್ಧ ಬಿಳಿ — ಬಿಳಿ ಅಂದರೆ ಹಳೆಯ ದಂತದ ಬಣ್ಣ. ನಡುವೆ ಜರಿ ದಾರದ ಗಂಡಭೇರುಂಡ. ಅಂಚಿಗೆ ಕುಚ್ಚು.

ಕೆಲವು ವರ್ಷಗಳ ಹಿಂದೆ ಮೆಲ್ಬರ್ನಿನಲ್ಲಿ ನಾವೊಂದಷ್ಟು ಜನ ಸೇರಿ ದಸರಾ ಮಾಡಿದೆವು. ಸಮುದಾಯ ಭವನದಲ್ಲಿ ಗೊಂಬೆ, ಆಯುಧಪೂಜೆ, ಊಟ. ಎಲ್ಲರ ಮನೆಯಲ್ಲೂ ಇರುವ ಅವೇ ಪಟ್ಟದ ಗೊಂಬೆಗಳು. ಏನಾದರೂ ವಿಶೇಷ ಬೇಕಲ್ಲ ಎಂದು ನಾನೇ ಅಂಕಲ್‌ಗೆ ಫೋನ್ ಮಾಡಿದೆ. ಕೊಡುವುದಿಲ್ಲ ಎಂದೇ ಅಂದುಕೊಂಡಿದ್ದೆ. ಕೊಟ್ಟರು.

ಎಪ್ಪಿಂಗ್‌ನಲ್ಲಿ, ಹಳೆಯ ಪಂಚೆಯಲ್ಲಿ ಸುತ್ತಿದ ನಿಶಾನೆಯನ್ನು ನನ್ನ ಎರಡೂ ಕೈಯ ಮೇಲಿಟ್ಟು ಹೇಳಿದ್ದರು:

"ಒಗೀಬೇಡ. ಇಸ್ತ್ರಿ ಹಾಕ್ಬೇಡ. ಕೈ ಮುಗಿದು ಇಡು, ಕೈ ಮುಗಿದು ತೆಗಿ. ಅಷ್ಟೇ ಕೆಲಸ."

"ಆಗ್ಲಿ ಅಂಕಲ್."

"ಬೇರೆ ಯಾರು ಕೇಳಿದ್ರೂ ಕೊಡ್ತಿರ್ಲಿಲ್ಲ ಕಣಯ್ಯ. ನೀನು ಪುಕ್ಕಲ. ಅದಕ್ಕೇ ಕೊಡ್ತಿದೀನಿ."

ಸಂಧ್ಯಾ ನಕ್ಕಳು. ನಾನೂ ನಕ್ಕೆ. ಸಿಡ್ನಿಯಿಂದ ಮೆಲ್ಬರ್ನಿನವರೆಗೆ ನಿಶಾನೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಸೀಟ್‌ಬೆಲ್ಟ್ ಹಾಕಿ ತಂದೆ. ಪೆಟ್ರೋಲಿಗೆ ನಿಲ್ಲಿಸಿದಲ್ಲೆಲ್ಲ ಕಿಟಕಿಯಲ್ಲಿ ಬಗ್ಗಿ ನೋಡುತ್ತಿದ್ದೆ, ಮಗು ಮಲಗಿದೆಯೋ ಇಲ್ಲವೋ ಎಂಬಂತೆ.

ಆಯುಧಪೂಜೆಯ ದಿನ ಯಾರೂ ಮುಟ್ಟದಂತೆ ಅದರ ಪಕ್ಕದಲ್ಲೇ ನಿಂತಿದ್ದೆ. ಮಕ್ಕಳನ್ನು ದೂರ ಅಟ್ಟಿದೆ, ಆಂಟಿಯೊಬ್ಬರ ಸೆರಗು ತಾಗೀತೆಂದು ಅವರನ್ನೂ ಸರಿಸಿದೆ. ಮೇಜಿನ ಮೇಲೆ ಲ್ಯಾಪ್‌ಟಾಪು, ಕಾರಿನ ಕೀಲಿಕೈ, ಸ್ಕ್ರೂಡ್ರೈವರು, ಯಾರದೋ ಮಗನ ಕ್ರಿಕೆಟ್ ಬ್ಯಾಟು. ಮಂಗಳಾರತಿ ಆಯಿತು. ಎಲ್ಲಕ್ಕೂ ಕುಂಕುಮ ಇಡಿ ಎಂದರು ಭಟ್ಟರು. ಜನ ಇಡುತ್ತಾ ಬಂದರು. ನಿಶಾನೆಯ ಮುಂದೆ ಬಂದವರು ನನ್ನ ಮುಖ ನೋಡಿ ಹಾಗೇ ಮುಂದೆ ಹೋದರು. ಸ್ಕ್ರೂಡ್ರೈವರಿಗೂ ಬೊಟ್ಟು ಇದೆ, ಇದಕ್ಕೊಂದಿಲ್ಲ — ಆ ಕ್ಷಣಕ್ಕೆ ನನಗೆ ಏನಾಯಿತೋ. ಬಟ್ಟಲಲ್ಲಿ ನೀರು ಬೆರೆಸಿದ್ದ ಕುಂಕುಮಕ್ಕೆ ಬೆರಳು ಅದ್ದಿ, ನಾನೇ, ಈ ಕೈಯಿಂದಲೇ, ಗಂಡಭೇರುಂಡದ ಕೆಳಗೆ ಬಿಳಿ ರೇಷ್ಮೆಯ ಮೇಲೆ ಒಂದು ಬೊಟ್ಟು ಇಟ್ಟೆ.

ಅದು ಬೊಟ್ಟಾಗಿ ನಿಲ್ಲಲಿಲ್ಲ. ಹರಡಿತು. ನೋಡನೋಡುತ್ತಿದ್ದಂತೆ ನಾಣ್ಯದಷ್ಟಾಯಿತು, ಅಂಗೈಯಷ್ಟಾಯಿತು.

ಅಲ್ಲಿಗೇ ನಿಲ್ಲಿಸಿದ್ದರೆ ಇದು ಒಂದು ಕಲೆಯ ಕಥೆ. ಆ ಸಂಜೆಯೇ ಫೋನ್ ಮಾಡಿ, 'ಅಂಕಲ್, ಕುಂಕುಮ ಇಡಲು ಹೋಗಿ ಕಲೆ ಮಾಡಿಬಿಟ್ಟೆ' ಎಂದಿದ್ದರೆ — ಆದರೆ ಪುಕ್ಕಲ ಎಂದೇ ಕೊಟ್ಟಿದ್ದರಲ್ಲ. ಆ ಒಂದು ಅರ್ಹತೆಯೂ ನನಗಿಲ್ಲ ಎಂದು ಹೇಗೆ ಹೇಳಲಿ?

ಮಾರನೆಯ ದಿನ ಹೆಂಡತಿ ವೀಣಾ ಕೆಲಸಕ್ಕೆ ಹೋದ ಮೇಲೆ ನಿಶಾನೆಯನ್ನು ಲಾಂಡ್ರಿಯ ತೊಟ್ಟಿಯ ಪಕ್ಕ ಹರಡಿದೆ. ರೇಷ್ಮೆ ಎಂದರೆ ನಮಗೆ ಗೊತ್ತಿಲ್ಲವೇ? ಅಮ್ಮನ ಮೈಸೂರು ಸಿಲ್ಕ್ ಸೀರೆಗಳು ಅಂಟುವಾಳದ ನೀರಿನಲ್ಲೇ ತಾನೇ ವರ್ಷಗಟ್ಟಲೆ ಮೀಯುತ್ತಿದ್ದದ್ದು? ಇಂಡಿಯನ್ ಅಂಗಡಿಯಿಂದ ಅಂಟುವಾಳ ತಂದು ನೆನೆಹಾಕಿದ್ದೆ. ನೊರೆ ಚೆನ್ನಾಗಿ ಬಂದಿತ್ತು.

ತಿರುಗಿಸಿ ನೋಡಿದಾಗ ಹಿಂಬದಿಯಲ್ಲಿ ಇನ್ನಷ್ಟು ಕಲೆಗಳು ಕಂಡವು. ಕೋಲು ತೂರಿಸಲು ಒಂದು ಅಂಚಿನಲ್ಲಿ ಹೊಲಿದ ಮಡಿಕೆಯಿತ್ತು, ಅದರ ಉದ್ದಕ್ಕೂ ಕಂದು ಬಣ್ಣದ ಸಣ್ಣ ಸಣ್ಣ ಕಲೆಗಳು, ಸಾಲಾಗಿ. ತುಕ್ಕು ಎಂದುಕೊಂಡೆ. ಹೇಗೂ ತೊಳೆಯುತ್ತಿದ್ದೇನೆ, ಇವನ್ನೂ ತೆಗೆದು, ಕೊಟ್ಟಿದ್ದಕ್ಕಿಂತ ಚೊಕ್ಕವಾಗಿ ವಾಪಸು ಕೊಡೋಣ ಎಂದುಕೊಂಡೆ. ತಪ್ಪು ಮುಚ್ಚಲು ಹೊರಟವನಿಗೆ ಅಷ್ಟರಲ್ಲೇ ಮೆಚ್ಚುಗೆಯ ಆಸೆ. ಬೆರಳ ತುದಿಯಿಂದ ಒಂದೊಂದನ್ನೇ ಉಜ್ಜಿದೆ. ಮೊಂಡು ಕಲೆಗಳು. ಬಿಡಲಿಲ್ಲ ನಾನು. ಕೊನೆಗೆ ಹೋದವು.

ಆಮೇಲೆ ಇಡೀ ಬಾವುಟವನ್ನು ನೀರಿಗೆ ಇಳಿಸಿದೆ. ಮೊದಲು ಕೆಂಪು ಬಿಟ್ಟಿತು. ಬಿಳಿ ಭಾಗವೆಲ್ಲ ಗುಲಾಬಿಯಾಯಿತು. ಗಾಬರಿಯಿಂದ ಎತ್ತಿದೆ. ಎತ್ತಬಾರದಿತ್ತು. ನೀರು ಕುಡಿದು ಭಾರವಾಗಿದ್ದ ರೇಷ್ಮೆ ಮಡಿಕೆ ಮಡಿಕೆಯಲ್ಲೂ ಬಿರಿದು, ಸದ್ದೇ ಇಲ್ಲದೆ, ಶಾವಿಗೆಯ ಹಾಗೆ ಎಳೆ ಎಳೆಯಾಗಿ ತೊಟ್ಟಿಗೆ ಇಳಿಯಿತು. ಗಂಡಭೇರುಂಡದ ಒಂದು ತಲೆ ನನ್ನ ಕೈಯಲ್ಲಿ ಉಳಿಯಿತು. ಇನ್ನೊಂದು ನೊರೆಯಲ್ಲಿತ್ತು.

ಮಧ್ಯಾಹ್ನ ವೀಣಾ ಬಂದಾಗ ನಾನು ಲಾಂಡ್ರಿಯ ನೆಲದ ಮೇಲೆ ಕೂತಿದ್ದೆ. ಸುತ್ತ ಟವೆಲ್ಲುಗಳ ಮೇಲೆ ಚೂರುಗಳು. ಅವಳು ಧಾರವಾಡದವಳು, ಮಾತಿಗೆ ಸುತ್ತುಬಳಸು ಇಲ್ಲ.

"ಇದೇನ್ ಮಾಡೀರಿ?"

ಹೇಳಿದೆ.

"ಈಗಿಂದೀಗ ಫೋನ್ ಹಚ್ರಿ. ಬೈದ್ರ ಬೈಸ್ಕೋರಿ."

"ನಾಳೆ ಮಾಡ್ತೀನಿ. ಸ್ವಲ್ಪ ಯೋಚನೆ ಮಾಡಿ—"

"ನಾಳಿಗಿ ಅಂತ ಇಟ್ರ ನೀವು ಹೇಳೂದಿಲ್ಲ. ನನಗ್ ಗೊತ್ತದ."

ಅವಳಿಗೆ ಗೊತ್ತಿತ್ತು. ನಾನು ಹೇಳಲಿಲ್ಲ. ಬದಲು, ಮೈಸೂರಿನಲ್ಲಿರುವ ಚಿಕ್ಕಪ್ಪನ ಮಗನಿಗೆ ಫೋನ್ ಮಾಡಿದೆ. ನಾಟಕದ ಉಡುಪು, ಮೆರವಣಿಗೆಯ ಬಾವುಟ ಹೊಲಿಯುವವರು ಅಲ್ಲಿದ್ದಾರೆ. ದಸರಾ ಪೋಸ್ಟರಿಗೆಂದು ತೆಗೆದಿದ್ದ ಫೋಟೊಗಳನ್ನು ಕಳಿಸಿದೆ. ಎಲ್ಲವೂ ಮುಂಬದಿಯ ಫೋಟೊಗಳೇ. ಹಿಂಬದಿಯನ್ನು ಯಾರು ತೆಗೆಯುತ್ತಾರೆ? "ಹಿಂದುಗಡೆ ಹೇಗಿತ್ತು?" ಎಂದು ಅವನು ಕೇಳಿದಾಗ, "ಏನೂ ಇರ್ಲಿಲ್ಲ ಬಿಡೋ, ಪ್ಲೇನು" ಎಂದೆ. ಹಬ್ಬದ ಚಪ್ಪರದ ಹಾಗೆ ಮಿರಮಿರ ಮಿಂಚುತ್ತಾ ಬಂತು ಹೊಸದು. ಡಿಕಾಕ್ಷನ್ನಿನಲ್ಲಿ ಅದ್ದಿ, ಬಿಸಿಲಿಗೆ ಹಾಕಿ, ಮತ್ತೆ ಅದ್ದಿ, ಅಂಚನ್ನು ಉಗುರಿನಿಂದ ಕೆರೆದೆ. ವೀಣಾ ಆ ವಾರವೆಲ್ಲ ಮನೆಯಲ್ಲಿ ಕಾಫಿ ಕುಡಿಯಲಿಲ್ಲ.

ಎಪ್ಪಿಂಗ್‌ಗೆ ಹೋಗಿ ಅಂಕಲ್ ಕೈಗೆ ಕೊಟ್ಟೆ. ಅದೇ ಹಳೆಯ ಪಂಚೆಯಲ್ಲಿ ಸುತ್ತಿ. ಅವರು ಬಿಚ್ಚಲಿಲ್ಲ. ಮೂಗಿನ ಹತ್ತಿರ ಹಿಡಿದು, "ನಿಮ್ಮನೆ ಕಾಫಿ ವಾಸನೆ ಹತ್ತಿಬಿಟ್ಟಿದೆಯಲ್ಲಯ್ಯ" ಎಂದು ನಕ್ಕರು. ಕಣ್ಣಿಗೊತ್ತಿಕೊಂಡು ಬೀರುವಿನಲ್ಲಿಟ್ಟರು. ನನ್ನ ಭುಜ ತಟ್ಟಿದರು. ಆ ಭುಜ — ಇರಲಿ.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ ಎಂದು ನನಗೆ ಮೊದಲು ತಿಳಿದದ್ದು ಮೆಲ್ಬರ್ನಿನ ಒಂದು ಚರ್ಚಿನಲ್ಲಿ. ಮಗಳು ಅದಿತಿಯ ಶಾಲೆಯ ಗಾಯನ ಕಾರ್ಯಕ್ರಮವಿತ್ತು. ಹಾಡು ಶುರುವಾಗುವ ಮೊದಲು ತಲೆಯೆತ್ತಿ ನೋಡಿದರೆ ಗೋಡೆಯ ಎತ್ತರದಲ್ಲಿ ಕೋಲಿಗೆ ಕಟ್ಟಿದ್ದ ಜೇಡರ ಬಲೆಯಂಥದ್ದೇನೋ ಇಳಿಬಿದ್ದಿತ್ತು. ಕೆಳಗೆ ಹಿತ್ತಾಳೆಯ ಫಲಕ: ಬ್ರಿಟಿಷರ ಕಾಲದ, ಆ ಭಾಗದ ಕುದುರೆ ಪಡೆಯೊಂದರ ಬಾವುಟ. ಬಾಲ ಎರಡಾಗಿ ಸೀಳಿದ್ದು. ಬಟ್ಟೆ ಎನ್ನುವುದಕ್ಕೆ ಏನೂ ಉಳಿದಿರಲಿಲ್ಲ. ಆಧಾರಕ್ಕೆ ಕಟ್ಟಿದ ತೆಳು ಬಲೆಯೊಳಗೆ ಒಂದಷ್ಟು ಎಳೆ, ಒಂದು ಕುಚ್ಚು.

ಯಾಕೆ ರಿಪೇರಿ ಮಾಡಿಸುವುದಿಲ್ಲ ಎಂದು ಅಲ್ಲಿದ್ದ ಮುದುಕಿಯೊಬ್ಬರನ್ನು ಕೇಳಿದೆ. ಆಕೆಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. ಇದನ್ನು ಹೊಲಿಯುವುದಿಲ್ಲ, ತೊಳೆಯುವುದಿಲ್ಲ, ತೆಗೆಯುವುದಿಲ್ಲ ಎಂದರು. ತಾನಾಗಿ ಉದುರಿ ಮುಗಿಯುವ ತನಕ ಅಲ್ಲೇ ಇರುತ್ತದೆ. ಉದುರಿದ ಎಳೆಯನ್ನೂ ಎಸೆಯುವುದಿಲ್ಲವಂತೆ.

ಅದಿತಿ ಹಾಡಿದ್ದು ನನಗೆ ಕೇಳಲಿಲ್ಲ. ಅಂದರೆ ಚೂರುಗಳನ್ನೇ ಡಬ್ಬಿಯಲ್ಲಿ ಹಾಕಿ ಕೊಟ್ಟಿದ್ದರೂ — ಅಂದರೆ, ಚೂರಾದರೂ ಅದು ನಿಶಾನೆಯೇ ಆಗಿತ್ತು. ಅದು ನಿಶಾನೆಯಲ್ಲ ಎಂದು ತೀರ್ಮಾನಿಸಿದವನು ನಾನೊಬ್ಬನೇ. ಮನೆಗೆ ಬಂದು ಡಬ್ಬಿ ತೆಗೆದು ನೋಡಿದೆ. ಮತ್ತೆ ಮುಚ್ಚಿ, ಗ್ಯಾರೇಜಿನ ಮೇಲಿನ ಶೆಲ್ಫಿನಲ್ಲಿ ಕ್ರಿಸ್ಮಸ್ ದೀಪಗಳ ಹಿಂದಿಟ್ಟೆ. ಆಗಲೂ ಹೇಳಲಿಲ್ಲ.

ಕಳೆದ ವರ್ಷ ಸಿಡ್ನಿಯಲ್ಲಿ, ಹಳೆಯ ಕುದುರೆ ಸೈನಿಕರ ನೆನಪಿಗೆ ಸ್ವಯಂಸೇವಕರು ನಡೆಸುವ ಸಣ್ಣ ಮ್ಯೂಸಿಯಮ್ಮೊಂದರವರು ಅಂಕಲ್‌ರನ್ನು ಹುಡುಕಿಕೊಂಡು ಬಂದರು. ಆಸ್ಟ್ರೇಲಿಯದ ಕುದುರೆ ಸವಾರರೂ ಮೈಸೂರಿನವರೂ ಅದೇ ಮರಳುಗಾಡಿನಲ್ಲಿದ್ದವರಲ್ಲವೇ. ನಿಶಾನೆಯನ್ನು ತಮ್ಮಲ್ಲಿ ಇಡುವ ಆಸೆ ಅವರಿಗೆ. ಅಂಕಲ್ ಒಪ್ಪಿದರು. ಸಂಧ್ಯಾ ಖುಷಿಯಿಂದ ಫೋನ್ ಮಾಡಿ, "ನೀನು ಬರ್ಲೇಬೇಕು ಕಣೋ, ಅಪ್ಪ ನಿನ್ನ ಹೆಸರೇ ಹೇಳ್ತಿದಾರೆ" ಎಂದಳು. ಬೇಡ ಎನ್ನಲು ನಾನು ಹುಡುಕಿದ ನೆಪಗಳನ್ನು ಬರೆದರೆ ನೀವು ನಗುತ್ತೀರಿ. ಕೊನೆಗೆ, ಹೋಗದಿದ್ದರೆ ಅನುಮಾನ ಬಂದೀತು ಎಂದು ಹೋದೆ.

ಅಂಕಲ್ ಮೈಸೂರು ಪೇಟ ಕಟ್ಟಿಕೊಂಡು ಬಂದಿದ್ದರು. ನಿಮ್ಮಲ್ಲಿ ಎಷ್ಟೋ ಜನ ಅಲ್ಲಿದ್ದಿರಿ, ಕೆಲ್ಲಿವಿಲ್‌ನಿಂದ, ಎಪ್ಪಿಂಗ್‌ನಿಂದ, ಮಕ್ಕಳನ್ನು ಕರೆದುಕೊಂಡು. ಫೋಟೊ ಆದ ಮೇಲೆ ಹಳೆಯ ಬಟ್ಟೆಗಳ ತಜ್ಞೆಯೊಬ್ಬರು ಕೈಗವಸು ಹಾಕಿ ನಿಶಾನೆಯನ್ನು ಮೇಜಿನ ಮೇಲೆ ಹರಡಿದರು. ಭೂತಗನ್ನಡಿ, ದೀಪ. ತುಂಬಾ ಹೊತ್ತು ಬಾಗಿಯೇ ಇದ್ದರು. ಆಮೇಲೆ ಸಂಧ್ಯಾಳ ಕಿವಿಯಲ್ಲಿ ಮೆಲ್ಲಗೆ ಹೇಳಲು ನೋಡಿದರು. ಅಂಕಲ್ ಕಣ್ಣು ಮಂದ, ಕಿವಿ ಚುರುಕು.

"ಅವರು ಏನಂದ್ರು? ಜೋರಾಗಿ ಹೇಳೋಕೆ ಹೇಳು."

ಆಕೆ ಹೇಳಿದರು, ಆದಷ್ಟೂ ಮೃದುವಾಗಿ. ಹೊಲಿದ ದಾರ ಪಾಲಿಯೆಸ್ಟರ್. ಜರಿ ಇತ್ತೀಚಿನದು. ಬಣ್ಣ ಮಾಸಿದ್ದಲ್ಲ, ಮಾಸಿಸಿದ್ದು. ಇಂಥ ನಕಲುಗಳು ಸಾಮಾನ್ಯ, ಬೇಸರಿಸಬೇಡಿ.

ಅಂಕಲ್ ಕೇಳಿದ್ದು ಒಂದೇ: "ಹಿಂದುಗಡೆ ನೋಡಿದ್ರಾ? ಕೋಲಿನ ಹತ್ರ ಬೊಟ್ಟುಗಳು ಇರ್ಬೇಕು."

ತಿರುಗಿಸಿ ನೋಡಿದರು. ಇರಲಿಲ್ಲ.

ನಾನು ಹೊರಗೆ ಹೋದೆ. ಕಾರ್ ಪಾರ್ಕಿನಲ್ಲಿ ನಿಂತಿದ್ದೆ. ಸ್ವಲ್ಪ ಹೊತ್ತಿಗೆ ಅಂಕಲ್ ಸಂಧ್ಯಾಳ ಕೈ ಬಿಡಿಸಿಕೊಂಡು ನನ್ನ ಕಡೆಗೇ ಬಂದರು. ಪೇಟ ಕೈಯಲ್ಲಿತ್ತು.

"ರಘು, ನಿಜ ಹೇಳು. ಪ್ರತಿ ಆಯುಧಪೂಜೆಗೂ ಪಡೆಯವರು ಕುದುರೆಗೆ ಇಟ್ಟ ಮೇಲೆ ನಿಶಾನೆಗೂ ಒಂದು ಬೊಟ್ಟು ಇಡ್ತಿದ್ರು. ಎದುರುಗಡೆ ಗಂಡಭೇರುಂಡ ಇದೆಯಲ್ಲ, ಅದಕ್ಕೇ ಹಿಂದುಗಡೆ ಇಡೋದು. ಚಿಕ್ಕ ಹುಡುಗ ಆಗಿದ್ದಾಗ ತಾತ ನನ್ನ ಬೆರಳು ಹಿಡಿದು ಮುಟ್ಟಿಸ್ತಿದ್ರು. ಅಥವಾ — ಮುಟ್ಟಿಸಿದ ಹಾಗೆ ನನಗೆ ನೆನಪು. ನಿಮ್ಮೂರಿಗೆ ತಗೊಂಡು ಹೋಗಿದ್ದೆಯಲ್ಲ. ನಿನ್ನ ಕಣ್ಣು ಚೆನ್ನಾಗಿದೆ. ನೋಡಿದ್ದೆಯಾ, ಆ ಬೊಟ್ಟುಗಳನ್ನ?"

ತುಕ್ಕಲ್ಲ ಅದು. ಕುಂಕುಮ. ನಾನು ಕಲೆ ಎಂದು ಹೆದರಿ ಮುಚ್ಚಲು ಹೊರಟದ್ದು ಕಲೆಯೇ ಅಲ್ಲ. ಆ ಸವಾರರು ವರ್ಷವರ್ಷವೂ ಮಾಡುತ್ತಿದ್ದದ್ದನ್ನೇ ನಾನೂ ತಿಳಿಯದೆ ಮಾಡಿದ್ದೆ. ಆಮೇಲೆ ಅವರದನ್ನೂ ಸೇರಿಸಿ ಉಜ್ಜಿ ಉಜ್ಜಿ ತೊಳೆದಿದ್ದೆ.

ಆಗ ಹೇಳಬಹುದಿತ್ತು. ಒಂದು 'ಹೂಂ' ಸಾಕಿತ್ತು. ಅವರ ಮುಖ ನನ್ನ ಕಡೆ ಎತ್ತಿತ್ತು, ಕಾಣದ ಕಣ್ಣುಗಳು ನನ್ನ ಬಾಯಿಯ ಕಡೆಗಿದ್ದವು. ನಾನು ಹೇಳಿದ್ದು ಇದು:

"ಇಲ್ಲ ಅಂಕಲ್. ನಾನೇನೂ ನೋಡ್ಲಿಲ್ಲ."

ನಿಶಾನೆ ಹರಿದದ್ದು ಕೈ ತಪ್ಪಿ. ಇದು ಕೈ ತಪ್ಪಿ ಆದದ್ದಲ್ಲ.

"ಸರಿ ಬಿಡು," ಎಂದರು ಅಂಕಲ್. "ವಯಸ್ಸಾಯ್ತು ನೋಡು."

ಆಮೇಲಿನದು ನಿಮಗೆ ಅರ್ಧ ಗೊತ್ತು. ಇನ್ನರ್ಧ ಎಪ್ಪಿಂಗ್‌ನ ಮನೆಯೊಳಗೆ ನಡೆಯಿತು. ತಾತನ ಫೋಟೊವನ್ನು ಅಂಕಲ್ ತಾವೇ ಗೋಡೆಯಿಂದ ಇಳಿಸಿ ಸೂಟ್‌ಕೇಸುಗಳ ಹಿಂದಿಟ್ಟರು. ತಾತ ಸವಾರನೇ ಆಗಿರಲಿಕ್ಕಿಲ್ಲ, ಲಾಯದಲ್ಲಿ ಕುದುರೆ ತಿಕ್ಕುತ್ತಿದ್ದಿರಬೇಕು, ಪೇಟೆಯಲ್ಲೊಂದು ಬಾವುಟ ಕೊಂಡು ಮನೆಯವರನ್ನು ನಂಬಿಸಿರಬೇಕು — ಹೀಗೆ ತಮಗೆ ತಾವೇ ಹೇಳಿಕೊಳ್ಳುತ್ತಾ ಕೂರುತ್ತಿದ್ದರಂತೆ. ಪಾಲಿಯೆಸ್ಟರ್ ಅವರ ತಾತನ ಕಾಲದಲ್ಲಿ ಎಲ್ಲಿತ್ತು ಎಂದು ಸಂಧ್ಯಾ ಕೇಳಿದರೆ, "ಹಾಗಾದ್ರೆ ನಮ್ಮಪ್ಪ ಮಾಡಿಸಿರ್ಬೇಕು, ಇಬ್ಬರೂ ಸುಳ್ಳರು" ಎಂದರಂತೆ. ಮನೆಯಲ್ಲಿ ಕಾಲವಾದವರನ್ನೆಲ್ಲ ಒಬ್ಬೊಬ್ಬರನ್ನಾಗಿ ಸಂಶಯಿಸಿದರು. ನನ್ನೊಬ್ಬನನ್ನು ಬಿಟ್ಟು.

ಬೊಟ್ಟುಗಳ ವಿಷಯ ಮಾತ್ರ ಅವರನ್ನು ಬಿಡಲಿಲ್ಲ. ಇಲ್ಲದ್ದು ನೆನಪಿದೆ ಎಂದರೆ ತಲೆ ಕೆಟ್ಟಿದೆ ಎಂದೇ ಅರ್ಥ ಎಂದರು. ಸಂಧ್ಯಾ ಹೆದರಿ ಮೆಮೊರಿ ಕ್ಲಿನಿಕ್ಕಿಗೆ ಕರೆದುಕೊಂಡು ಹೋದಳು. ಹೋಗುವ ಮೊದಲು ನನಗೆ ಫೋನ್ ಮಾಡಿದ್ದಳು. ಅಲ್ಲಿ ಪಾರ್ಕಿಂಗ್ ಕಷ್ಟ, ಮುಂಚೆಯೇ ಹೊರಡು, ಹಿಂದಿನ ಬೀದಿಯಲ್ಲಿ ನಿಲ್ಲಿಸು ಎಂದು ನಾನು ಸಲಹೆ ಕೊಟ್ಟೆ. ಸೇಫ್ಟಿ ಆಫೀಸರ್ ಅಲ್ಲವೇ.

ಕಳೆದ ತಿಂಗಳು ಅವಳ ಫೋನ್ ಮತ್ತೆ ಬಂತು.

"ಅಪ್ಪ ರಾಜ್ಯೋತ್ಸವದ ದಿನ ಸ್ಟೇಜ್ ಹತ್ತಿ ಕ್ಷಮೆ ಕೇಳ್ತಾರಂತೆ ಕಣೋ. ನಮ್ಮನೆತನ ಎಲ್ಲರಿಗೂ ಸುಳ್ಳು ಹೇಳಿದೆ, ನನ್ನ ಜೊತೆಗೇ ಅದು ಮುಗೀಲಿ ಅಂತಾರೆ. ಬೇಡ ಅಂದ್ರೆ ಕೇಳ್ತಿಲ್ಲ. ನೀನಾದ್ರೂ ಹೇಳೋ, ನಿನ್ನ ಮಾತು ಕೇಳ್ತಾರೆ."

ಫೋನ್ ಸ್ಪೀಕರಿನಲ್ಲಿತ್ತು. ಅಡುಗೆಮನೆಯಲ್ಲಿ ವೀಣಾ ಕೈ ನಿಲ್ಲಿಸಿದ್ದಳು. ಅದಿತಿ ಊಟದ ಮೇಜಿನಿಂದ ನನ್ನನ್ನು ನೋಡುತ್ತಿದ್ದಳು. ಅವಳಿಗೆ ಎಷ್ಟು ಗೊತ್ತಿತ್ತೋ — ಈ ಮನೆಯಲ್ಲೇ ಬೆಳೆದವಳು, ಎಲ್ಲವೂ ಗೊತ್ತಿದ್ದಿರಬೇಕು. "ಅಪ್ಪಾ, ಜಸ್ಟ್ ಟೆಲ್ ಹಿಮ್," ಎಂದಳು. ವೀಣಾ ಕೈ ಒರೆಸಿಕೊಂಡಳು. ಗ್ಯಾರೇಜಿಗೆ ಹೋಗಿ, ಕ್ರಿಸ್ಮಸ್ ದೀಪಗಳ ಹಿಂದಿನಿಂದ ಡಬ್ಬಿ ತಂದು ನನ್ನ ಮುಂದಿಟ್ಟಳು. ಅದರ ಮೇಲೆ ಧೂಳಿರಲಿಲ್ಲ. ಇಷ್ಟು ವರ್ಷವೂ ಅವಳು ಒರೆಸುತ್ತಿದ್ದಳು.

ಈ ಸಲವೂ ಕಾರಿನಲ್ಲೇ ಹೋದೆ. ಡಬ್ಬಿಗೆ ಸೀಟ್‌ಬೆಲ್ಟ್ ಹಾಕಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಕೆಡವಿದೆ. ಎಲ್ಲದರಲ್ಲೂ ಎಲ್ಲೋ ಒಂದು ಕಡೆ 'ಆದರೆ' ಬರುತ್ತಿತ್ತು. ಆದರೆ ನಾನು ಒಳ್ಳೆಯದಕ್ಕೇ. ಆದರೆ ನಿಮಗೆ ನೋವಾಗಬಾರದೆಂದು. ವಾಪಸು ತಿರುಗಿಸಿಬಿಡೋಣ ಎಂದು ಎಷ್ಟು ಕಡೆ ಅನ್ನಿಸಿತೋ. ಎಪ್ಪಿಂಗ್ ತಲುಪುವ ಹೊತ್ತಿಗೆ ಬಾಯಲ್ಲಿ ಯಾವ ಮಾತೂ ಉಳಿದಿರಲಿಲ್ಲ.

"ಯಾರು, ರಘುನಾ? ಗಾಡಿ ಓಡಿಸ್ಕೊಂಡು ಬಂದ್ಯಾ ಅಷ್ಟು ದೂರ? ವಿಮಾನಕ್ಕೂ ಹೆದರ್ತೀಯಲ್ಲಯ್ಯ ನೀನು," ಎಂದರು ಅಂಕಲ್. ಗೋಡೆಯ ಮೇಲೆ ಫೋಟೊ ಇದ್ದ ಜಾಗ ಸುತ್ತಲಿನದಕ್ಕಿಂತ ಬೆಳ್ಳಗಿತ್ತು.

ಡಬ್ಬಿಯನ್ನು ಅವರ ತೊಡೆಯ ಮೇಲಿಟ್ಟೆ. ಮುಚ್ಚಳ ತೆಗೆದು ಅವರ ಕೈ ಒಳಗಿಟ್ಟೆ. ಆಮೇಲೆ ಹೇಳಿದೆ. ಕುಂಕುಮ, ಅಂಟುವಾಳ, ಡಿಕಾಕ್ಷನ್ನು, ಕಾರ್ ಪಾರ್ಕು — ಎಲ್ಲ. ಸಂಧ್ಯಾ ಬಾಗಿಲ ಹತ್ತಿರ ನಿಂತಿದ್ದಳು.

ಅಂಕಲ್ ಬೆರಳುಗಳು ಚೂರುಗಳ ನಡುವೆ ಓಡಾಡುತ್ತಿದ್ದವು. ಒಂದು ಕುಚ್ಚು ಸಿಕ್ಕಿತು. ಜರಿಯ ತಲೆಯೊಂದು ಸಿಕ್ಕಿತು. ಅದನ್ನು ಹಿಡಿದುಕೊಂಡೇ, ಇನ್ನೊಂದನ್ನು ಹುಡುಕಿ ತೆಗೆದರು.

"ಬೊಟ್ಟು ನೋಡಿದ್ಯಾ ಅಂತ ಕೇಳಿದ್ದೆ ನಿನ್ನ."

"ಹೂಂ ಅಂಕಲ್."

"ನೋಡಿದ್ದೆ."

"ನೋಡಿದ್ದೆ."

"ನೋಡ್ಲಿಲ್ಲ ಅಂದೆ."

"ಹೂಂ."

ಹೊರಗೆ ಲಿಫ್ಟ್ ಬಂದು ನಿಂತ ಸದ್ದಾಯಿತು, ಯಾರೋ ಇಳಿದು ಹೋದರು.

"ಹೇಗಿದ್ವು? ಹೇಳು."

ಹೇಳಿದೆ. ನೆನಪಿದ್ದಷ್ಟನ್ನೂ ಹೇಳುತ್ತಾ ಹೇಳುತ್ತಾ ಇನ್ನಷ್ಟು ನೆನಪಾಯಿತು. ಉಜ್ಜಿದವನಿಗೆ ನೆನಪಿರದೆ ಏನು? ಅವರು ಕಣ್ಣು ಮುಚ್ಚಿ ಕೇಳಿದರು. ಬಲಗೈಯ ಉಂಗುರದ ಬೆರಳು ಗಾಳಿಯಲ್ಲಿ ಏನನ್ನೋ ಮುಟ್ಟುತ್ತಾ ಕೆಳಗೆ ಇಳಿಯುತ್ತಿತ್ತು.

"ಇನ್ನೊಂದ್ಸಲ ಹೇಳು."

ಮತ್ತೆ ಹೇಳಿದೆ. ಆಮೇಲೆ ಅವರು ನನ್ನ ಕಡೆ ತಿರುಗದೆಯೇ ಕೇಳಿದರು:

"ಒಂದು ಬೊಟ್ಟು ಇಟ್ಟೆ ಅಂತ ಹೆದರಿ ತೊಳೆದ್ಯಾ?"

"ಹೂಂ."

"ಅದಕ್ಕೆ ಅಭ್ಯಾಸ ಇತ್ತಲ್ಲಯ್ಯ."

ಬೈಯಲಿಲ್ಲ. ಬೈಸಿಕೊಳ್ಳಲು ಸಿದ್ಧನಾಗಿ ಹೋದವನಿಗೆ ಅದೂ ಸಿಗಲಿಲ್ಲ.

"ಸ್ಟೇಜ್ ನಾನು ಹತ್ತಲ್ಲ. ನೀನು ಹತ್ತು," ಎಂದರು. "ಈಗ ಎದ್ದು ಹೋಗು. ಸ್ವಲ್ಪ ಹೊತ್ತು ನಾವಿಬ್ರೇ ಇರ್ತೀವಿ."

ಸಂಧ್ಯಾಳೂ ನನ್ನ ಹಿಂದೆಯೇ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಒಳಗೆ ಅವರು, ಡಬ್ಬಿ. ಲಿಫ್ಟಿನ ಗುಂಡಿ ಒತ್ತಿ ಹೇಳಿದಳು: "ನಮ್ಮಪ್ಪನ್ನ ಮೆಮೊರಿ ಕ್ಲಿನಿಕ್ಕಿಗೆ ಕರ್ಕೊಂಡು ಹೋದೆ ಕಣೋ ನಾನು. ಇವತ್ತು ಯಾವ ವಾರ ಅಂತ ಕೇಳಿದ್ರು ಅಪ್ಪನ್ನ. ನೀನು ಗಾಡಿ ಎಲ್ಲಿ ನಿಲ್ಲಿಸ್ಬೇಕು ಅಂತ ಹೇಳಿಕೊಟ್ಟೆ."

ಅವಳು ಆಮೇಲೆ ನನ್ನೊಡನೆ ಮಾತಾಡಿಲ್ಲ. ಅಂಕಲ್ ಕ್ಷಮಿಸಿದರೇ ಎಂದು ನನ್ನನ್ನು ಕೇಳಬೇಡಿ. ನಾನು ಅವರನ್ನು ಕೇಳಿಲ್ಲ, ಕೇಳುವುದೂ ಇಲ್ಲ. ಫೋಟೊ ಗೋಡೆಗೆ ಮರಳಿತೋ ಇಲ್ಲವೋ ನನಗೆ ಗೊತ್ತಿಲ್ಲ. ಮರಳಿದರೂ, ಆ ಗೋಡೆ ಖಾಲಿ ಇದ್ದ ತಿಂಗಳುಗಳಲ್ಲಿ ಒಬ್ಬ ಮೊಮ್ಮಗ ತನ್ನ ತಾತನನ್ನು ಸುಳ್ಳುಗಾರ ಎಂದುಕೊಂಡು ಕೂತಿದ್ದನ್ನು ನಾನು ಯಾವ ನೀರಿನಿಂದ ತೊಳೆಯಲಿ?

ಡಬ್ಬಿಯಲ್ಲಿರುವ ರೇಷ್ಮೆ ಹಳೆಯದೋ ಅಲ್ಲವೋ ಎಂಬುದನ್ನು ತಜ್ಞರು ನೋಡಿ ಹೇಳಬಲ್ಲರು. ಬೊಟ್ಟುಗಳ ವಿಷಯವನ್ನು ಮಾತ್ರ ಯಾವ ಭೂತಗನ್ನಡಿಯೂ ಹೇಳಲಾರದು. ಅಷ್ಟು ಚೆನ್ನಾಗಿ ತೊಳೆದಿದ್ದೇನೆ. ಅವು ಇದ್ದವು ಎಂಬುದಕ್ಕೆ ಅಂಕಲ್‌ರ ನೆನಪು ಬಿಟ್ಟರೆ ಉಳಿದಿರುವ ಸಾಕ್ಷಿ ನಾನೊಬ್ಬನೇ, ಅದೂ ಇಂಥವನು. ನಂಬುವುದು ಕಷ್ಟ. ಆದರೂ ರಾಜ್ಯೋತ್ಸವದ ದಿನ ನಿಮ್ಮೆಲ್ಲರ ಮುಂದೆ ನಿಂತು ಇದನ್ನು ಓದುತ್ತೇನೆ. ಆಮೇಲೂ ಯಾರು ಕೇಳಿದರೂ, ಎಷ್ಟು ಸಲ ಕೇಳಿದರೂ ಹೇಳುತ್ತೇನೆ.

ನಿಶಾನೆಯ ಹಿಂಬದಿಯಲ್ಲಿ ಬೊಟ್ಟುಗಳಿದ್ದವು. ಕೋಲು ತೂರಿಸುವ ಮಡಿಕೆಯ ಉದ್ದಕ್ಕೂ, ಮೇಲಿನಿಂದ ಕೆಳಕ್ಕೆ, ಒಂದರ ಕೆಳಗೊಂದು. ಮೇಲಿನವು ತೀರಾ ಮಾಸಿ ಕಂದಾಗಿದ್ದವು, ಕೆಳಗೆ ಬಂದಂತೆ ಸ್ವಲ್ಪ ಕೆಂಪು ಉಳಿದಿತ್ತು. ಎಲ್ಲವೂ ಉಂಗುರದ ಬೆರಳಿನ ತುದಿಯಷ್ಟು. ಒಂದು ಮಾತ್ರ ಸಾಲು ತಪ್ಪಿ ಪಕ್ಕಕ್ಕೆ ಸರಿದಿತ್ತು. ಇಡುವಾಗ ಕುದುರೆ ಅಲುಗಾಡಿರಬೇಕು. ನಾನು ನೋಡಿದ್ದೇನೆ.